ಹಳೇ ಬಂಗಲೆ ಗೋಡೆ ಉಪ್ಪು ಬಿಡ್ತಿದೆ, ಸಹಾಯ ಬೇಕು

ನೂರು ವರ್ಷ ದಾಟಿರೋ ದೊಡ್ಡ ಮನೆ ರಿಪೇರಿ ಮಾಡಿಸ್ತಿದೀವಿ, ಸುಣ್ಣದ ಗಾರೆ ಗೋಡೆಗೆ ಹಿಂದೆ ಯಾರೋ ಸಿಮೆಂಟ್ ಪ್ಲಾಸ್ಟರ್ ಹೊಡೆದಿದ್ರು, ತೇವ ಆಚೆ ಹೋಗೋಕೆ ದಾರಿ ಇಲ್ದೆ ಹಾಲ್‌ನ ಮರದ ಪ್ಯಾನೆಲ್ ಹಿಂಭಾಗ ಲಡ್ಡಾಗಿತ್ತು. ಅಷ್ಟು ಚೆಂದದ ಕೆತ್ತನೆ, ನೋಡಿ ಹೊಟ್ಟೆ ಉರೀತು. ಪ್ಯಾನೆಲ್ ಬಿಚ್ಚಿಟ್ಟು, ಸಿಮೆಂಟ್ ಪೂರ್ತಿ ಕೀಳಿಸಿ, ಮಳೆನೀರಿನ ಪೈಪ್ ಸರಿ ಮಾಡ್ಸಿ, ಹೊರಗೆ ಗೋಡೆ ಬುಡದಲ್ಲಿದ್ದ ಮಣ್ಣು ತೆಗೆಸಿ, ಮತ್ತೆ ಸುಣ್ಣದ ಗಾರೆನೇ ಮಾಡಿಸಿ ನಾಲ್ಕು ತಿಂಗಳಾಯ್ತು. ಆದ್ರೂ ನೆಲದಿಂದ ಮೂರಡಿವರೆಗೆ ಬಿಳಿ ಉಪ್ಪು, ಒಣ ಬ್ರಷ್‌ನಲ್ಲಿ ಉಜ್ಜಿದ್ರೆ ವಾರದಲ್ಲಿ ಮತ್ತೆ ಬರತ್ತೆ. ಮೇಸ್ತ್ರಿ ವಾಟರ್‌ಪ್ರೂಫ್ ಕೋಟ್ ಹೊಡೀರಿ ಅಂತಾರೆ, ತೇವ ಮತ್ತೆ ಒಳಗೇ ಸಿಕ್ಕೊಳತ್ತೆ ಅಂತ ನಂಗೆ ಭಯ. ಇದು ಗೋಡೆ ಒಳಗಿದ್ದ ಹಳೇ ತೇವ ಒಣಗ್ತಾ ಬರ್ತಿರೋ ಉಪ್ಪಾ, ಇಲ್ಲ ನೆಲದಿಂದ ಇನ್ನೂ ನೀರು ಏರ್ತಿದೆಯಾ? ಪ್ಯಾನೆಲ್ ವಾಪಸ್ ಕೂರಿಸೋ ಮುಂಚೆ ಅದನ್ನ ಹೇಗೆ ಕಂಡ್ಹಿಡಿಯೋದು, ಈ ಕೆಲಸ ಮಾಡಿ ಗೊತ್ತಿರೋರು ದಯವಿಟ್ಟು ಹೇಳ್ತೀರಾ?