ಪಿಚ್ಚಳ್ಳಿ ಶ್ರೀನಿವಾಸ್ ಅವರ ಹಾಡು ಕೇಳಲು ಮನೆಮಂದಿಯೆಲ್ಲ ಹೊರಟಿದ್ದೇವೆ, ಹುಣ್ಣಿಮೆ ಹಾಡಿಗೆ ಹೋಗಿ ಬಂದವರು ಸ್ವಲ್ಪ ಹೇಳಿ

ಹುಳುಮನೆಯವನು (ಶ್ರೀನಿವಾಸಪುರ ತಾಲ್ಲೂಕು):

ಎಲ್ಲರಿಗೂ ನಮಸ್ಕಾರ. ಕೋಲಾರದ ಕಡೆಯವರು, ಅದರಲ್ಲೂ ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆ ರಾತ್ರಿ ನಡೆಯುವ ಹುಣ್ಣಿಮೆ ಹಾಡಿಗೆ ಹೋಗಿ ಬಂದವರು ಇದ್ದರೆ ದಯವಿಟ್ಟು ಉತ್ತರ ಕೊಡಿ.

ನಾನು ಜಾನಪದ ಹಾಡುಗಾರ ಪಿಚ್ಚಳ್ಳಿ ಶ್ರೀನಿವಾಸ್ ಅವರ ಅಭಿಮಾನಿ. ಸುಮ್ನೆ ಬಾಯಿ ಮಾತಿಗೆ ಹೇಳುತ್ತಿಲ್ಲ. ಹೈಸ್ಕೂಲಲ್ಲಿ ಇದ್ದಾಗ ಆ ದನಿ ಕಿವಿಗೆ ಬಿತ್ತು, ಆಮೇಲೆ ಬಿಡಲೇ ಇಲ್ಲ. ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ನಾಲ್ಕನೇ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚುವ ಹಂತ) ಎದ್ದ ಮೇಲೆ ಹುಳುಗಳಿಗೆ ಹೊಟ್ಟೆ ತುಂಬುವುದೇ ಇಲ್ಲ, ರಾತ್ರಿ ಹತ್ತಕ್ಕೆ ಒಂದು ಸಲ, ಮತ್ತೆ ಬೆಳಗಿನ ಜಾವ ಒಂದು ಸಲ ಸೊಪ್ಪು ಹಾಕಲೇಬೇಕು. ಆ ಹೊತ್ತಲ್ಲಿ ಹುಳುಮನೆಯ ಗೂಟಕ್ಕೆ ಮೊಬೈಲ್ ನೇತುಹಾಕಿ ಅವರ ಹಾಡು ಹಾಕಿಬಿಡುತ್ತೇನೆ. ಅಮ್ಮ ತಟ್ಟೆ ತಟ್ಟೆಗೂ ಸೊಪ್ಪು ಹರಡುತ್ತಾ ಸೊಲ್ಲು ಹಿಡಿಯುತ್ತಾರೆ. ಅವರಿಗೆ ಓದು ಬರಹ ಬರಲ್ಲ, ಆದರೆ ಒಂದು ಸಲ ಕೇಳಿದ ಪದ ಮರೆಯಲ್ಲ. ಎಂಟನೇ ಕ್ಲಾಸಲ್ಲಿ ಓದುವ ಮಗಳೂ ಈಗ ಅಜ್ಜಿ ಜೊತೆ ಹಾಡುತ್ತಾಳೆ.

ಇಷ್ಟು ವರ್ಷ ಮೊಬೈಲಲ್ಲೇ ಕೇಳಿದ್ದಾಯ್ತು, ಈಗ ಮನೆಮಂದಿಯೆಲ್ಲ ಹೋಗಿ ಎದುರಿಗೆ ಕೂತು ಕೇಳಬೇಕು. ಅಮ್ಮ, ನನ್ನ ಹೆಂಡತಿ, ಮಗಳು, ಐದು ವರ್ಷದ ಮಗ, ಜೊತೆಗೆ ಅಣ್ಣ ಅತ್ತಿಗೆ. ಅತ್ತಿಗೆಗೆ ಇದೆಲ್ಲ ಅಷ್ಟಕ್ಕಷ್ಟೇ, ಆದರೂ ಅವರೂ ಬರಲಿ ಅಂತ ನನಗೆ ಆಸೆ.

ಕೇಳಬೇಕಾದ್ದು ಇಷ್ಟು. ಹುಣ್ಣಿಮೆ ಹಾಡಿಗೆ ಅವರು ಪ್ರತಿ ತಿಂಗಳೂ ಹಾಡ್ತಾರಾ? ಅಮ್ಮನಿಗೆ ಮಂಡಿ ನೋವು, ಬೆಟ್ಟದ ಮೇಲೆ ತುಂಬಾ ನಡೀಬೇಕಾ? ಚಿಕ್ಕ ಮಗುವನ್ನ ರಾತ್ರಿ ಹೊತ್ತು ಕರಕೊಂಡು ಹೋಗಬಹುದಾ? ಅಮ್ಮನಿಗೆ ಒಂದು ಹಾಡು ಅಂದ್ರೆ ಪ್ರಾಣ, ಅದನ್ನೇ ಹಾಡಿ ಅಂತ ಕೇಳಿದರೆ ತಪ್ಪಾಗುತ್ತಾ? ಕೊನೆಯದು ನಮ್ಮಂಥವರಿಗೇ ಇರುವ ಕಷ್ಟ: ಹುಣ್ಣಿಮೆ ಬರುವ ಹೊತ್ತಿಗೆ ಹುಳು ಹಣ್ಣಾಗಿ ಗೂಡು ಕಟ್ಟೋಕೆ ತಯಾರಾಗಿಬಿಟ್ಟರೆ ಮನೆ ಬಿಟ್ಟು ಯಾರೂ ಅಲ್ಲಾಡೋಕಾಗಲ್ಲ. ಹುಳು ಇಟ್ಟುಕೊಂಡವರು ಇದನ್ನ ಹೇಗೆ ಹೊಂದಿಸ್ತೀರಿ?

ಕೋಲಾರಮ್ಮನ ಊರವಳು:

ಅಣ್ಣಾ, ನಾನು ಕೋಲಾರ ಟೌನಿನವಳೇ. ಹುಣ್ಣಿಮೆ ಹಾಡಿಗೆ ಆಗಾಗ ಹೋಗ್ತಾ ಇರ್ತೀನಿ, ಅದಕ್ಕೇ ಧೈರ್ಯವಾಗಿ ಹೇಳ್ತೀನಿ.

ಮೊದಲನೇದು, ಹುಣ್ಣಿಮೆ ಹಾಡು ಒಬ್ಬರ ಕಾರ್ಯಕ್ರಮ ಅಲ್ಲ. ಆದಿಮ ಅನ್ನೋದು ನಾಟಕಕಾರ, ಕವಿ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಅವರ ಗೆಳೆಯರು ಕಟ್ಟಿದ ಜಾಗ. ಪ್ರತಿ ಹುಣ್ಣಿಮೆಗೂ ಬೇರೆ ಬೇರೆ ತಂಡ ಬರುತ್ತೆ. ಒಂದು ಸಲ ನಾಟಕ, ಒಂದು ಸಲ ತತ್ವಪದ, ಇನ್ನೊಂದು ಸಲ ತಮಟೆ. ಹುಣ್ಣಿಮೆಗಳ ಲೆಕ್ಕ ನೂರು ದಾಟಿ ಎಷ್ಟೋ ಕಾಲ ಆಯ್ತು. ಪಿಚ್ಚಳ್ಳಿ ಅವರು ನಮ್ಮ ಜಿಲ್ಲೆಯವರೇ, ಜಾನಪದ ಅಕಾಡೆಮಿ ಅಧ್ಯಕ್ಷರೂ ಆಗಿದ್ದವರು, ಹಾಗಂತ ಪ್ರತಿ ತಿಂಗಳು ಅಲ್ಲೇ ಸಿಗ್ತಾರೆ ಅಂದ್ಕೋಬೇಡಿ. ಆ ತಿಂಗಳು ಯಾರು ಬರ್ತಾರೆ ಅಂತ ವಿಚಾರಿಸಿಕೊಂಡೇ ಹೊರಡಿ. ಇಲ್ಲದಿದ್ರೆ ಅಮ್ಮ ಪಾಪ ಅವರನ್ನೇ ನೋಡಬೇಕು ಅಂತ ಬಂದು ಬೇಜಾರು ಮಾಡಿಕೊಳ್ತಾರೆ.

ಮಂಡಿ ನೋವಿಗೆ ಹೆದರಬೇಡಿ, ಬೆಟ್ಟದ ಮೇಲಕ್ಕೆ ಗಾಡಿ ರಸ್ತೆ ಇದೆ. ಅಮ್ಮನಿಗೆ ನೆಲದ ಮೇಲೆ ಕೂರೋಕಾಗಲ್ಲ ಅಂದ್ರೆ ಮಡಚುವ ಕುರ್ಚಿ ಒಂದು ಗಾಡಿಯಲ್ಲಿ ಹಾಕಿಕೊಳ್ಳಿ. ಬಯಲು, ಮೇಲೆ ಆಕಾಶ, ಗಾಳಿ ಜೋರು. ಮಾರ್ಗಶಿರ, ಪುಷ್ಯ ಮಾಸದಲ್ಲಾದರೆ ಚಳಿ ಹಲ್ಲು ಕಡಿಸುತ್ತೆ, ಮಗುವಿಗೆ ಕುಲಾವಿ, ಅಮ್ಮನಿಗೆ ಶಾಲು ಮರೀಬೇಡಿ.

ಮನೆಮಂದಿಯೆಲ್ಲ ಬರ್ತಿದ್ದೀರಲ್ವಾ, ಹಾಗಾದ್ರೆ ಮಧ್ಯಾಹ್ನವೇ ಬಂದುಬಿಡಿ. ಮಕ್ಕಳಿಗೆ ಅಂತರಗಂಗೆ ತೋರಿಸಿ, ಕಲ್ಲಿನ ಬಸವನ ಬಾಯಿಂದ ನೀರು ಬೀಳೋದು ನೋಡಿ ಮಗ ಖುಷಿ ಪಡ್ತಾನೆ. ಅಲ್ಲಿ ಕೋತಿ ಕಾಟ ಜಾಸ್ತಿ, ಕೈಯಲ್ಲಿ ತಿಂಡಿ ಕವರ್ ಹಿಡಿದು ಮೆಟ್ಟಿಲು ಹತ್ತಬೇಡಿ. ಮೆಟ್ಟಿಲು ಅಮ್ಮನಿಗೆ ಬೇಡವೇ ಬೇಡ. ಅವರನ್ನೂ ಅತ್ತಿಗೆಯನ್ನೂ ಕೋಲಾರಮ್ಮನ ಗುಡಿ ಹತ್ತಿರ ಇಳಿಸಿ, ಪಕ್ಕದಲ್ಲೇ ಸೋಮೇಶ್ವರ ದೇವಸ್ಥಾನವೂ ಇದೆ, ನೆರಳಲ್ಲಿ ಆರಾಮಾಗಿ ಕೂತಿರಲಿ. ಹೊತ್ತು ಇಳಿಯುವ ಮುಂಚೆ ಎಲ್ಲ ಸೇರಿ ತೇರಹಳ್ಳಿ ಬೆಟ್ಟ ಹತ್ತಿದರೆ ಸರಿಹೋಗುತ್ತೆ.

ತಮಟೆ ಕಾಯಿಸುವವನು:

ನಾನು ಒಂದು ತಂಡದಲ್ಲಿ ತಮಟೆ ಬಾರಿಸ್ತೀನಿ, ಆ ಕಡೆಯಿಂದ ಒಂದೆರಡು ಮಾತು.

ಬರೋದಾದ್ರೆ ಹಾಡು ಶುರುವಾಗೋಕೆ ಅರ್ಧ ಗಂಟೆ ಮುಂಚೆ ಬನ್ನಿ, ಮಗಳನ್ನ ಕರಕೊಂಡು ವೇದಿಕೆ ಹಿಂದೆ ಬನ್ನಿ. ನಾವು ಒಣಹುಲ್ಲು, ರದ್ದಿ ಕಾಗದ ಹಾಕಿ ಬೆಂಕಿ ಮಾಡಿ ತಮಟೆ ಕಾಯಿಸ್ತಾ ಇರ್ತೀವಿ. ಚರ್ಮ ಸಂಜೆ ಥಂಡಿಗೆ ಮೆತ್ತಗಾಗಿರುತ್ತೆ, ಹಾಗೇ ಬಡಿದ್ರೆ ಡಬ್ ಡಬ್ ಅಂತ ಮಂಕಾಗಿ ಕೇಳುತ್ತೆ. ಬೆಂಕಿ ಮೇಲೆ ಅಂಗೈ ಅಗಲ ಎತ್ತರದಲ್ಲಿ ಹಿಡಿದು ತಿರುಗಿಸ್ತಾ, ನಡುನಡುವೆ ಬೆರಳಲ್ಲಿ ತಟ್ಟಿ ನೋಡ್ತೀವಿ. ಬಿಗಿಯಾಯ್ತು ಅಂದ್ರೆ ಠಣ್ ಅಂತ ಎದೆಗೆ ಬಂದು ಹೊಡೆಯುತ್ತೆ. ಜಾಸ್ತಿ ಕಾಯಿಸಿದ್ರೆ ಚರ್ಮ ಸೀಳಿಹೋಗುತ್ತೆ, ಕೈಗೇ ಗೊತ್ತಾಗಬೇಕು. ಮಕ್ಕಳು ಇದನ್ನ ಒಂದು ಸಲ ಹತ್ತಿರದಿಂದ ನೋಡಿದ್ರೆ ಆಮೇಲೆ ಹಾಡು ಕೇಳೋ ರೀತಿಯೇ ಬೇರೆ ಆಗುತ್ತೆ.

ಇನ್ನೊಂದು. ನೀವು ಹಾಡುವವರ ಅಭಿಮಾನಿ, ಸಂತೋಷ. ಆದರೆ ಆ ಹಾಡನ್ನ ಎತ್ತಿ ನಿಲ್ಲಿಸೋದು ಹಿಂದೆ ನಿಂತ ಹಿಮ್ಮೇಳದವರು. ಜನ ಬಂದು ಮುಂದಿನವರ ಜೊತೆ ಫೋಟೋ ತೆಗೆಸಿಕೊಂಡು ಹೋಗ್ತಾರೆ, ಹಿಂದಿನವರ ಊರು ಯಾವುದು ಅಂತ ಕೂಡ ಕೇಳಲ್ಲ. ನಿಮ್ಮ ಮನೆಯವರು ಕೇಳಿ, ಮಾತಾಡಿಸಿ. ನಮ್ಮ ಕಡೆಯಲ್ಲೇ ನೋಡಿ, ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರು ಜೀವಮಾನವೆಲ್ಲ ತಮಟೆ ಬಾರಿಸಿದವರು, 2023ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆ ದಿನ ನಮ್ಮ ಕೇರಿಯಲ್ಲಿ ಹಬ್ಬ. ಸಾವಿಗೆ, ಜಾತ್ರೆಗೆ ಬಾರಿಸೋ ವಾದ್ಯ ಅಂತ ದೂರ ಇಟ್ಟಿದ್ದ ತಮಟೆ ರಾಷ್ಟ್ರಪತಿ ಭವನದವರೆಗೂ ಹೋಯ್ತಲ್ಲ ಅಂತ ನಮ್ಮಪ್ಪ ಅತ್ತುಬಿಟ್ಟರು.

ಹಾಡು ಕೇಳೋ ವಿಚಾರಕ್ಕೆ ಬಂದ್ರೆ, ನಡುವೆ ಎದ್ದು ಕೂಗಬೇಡಿ. ಶುರುವಾಗೋ ಮುಂಚೆ ಹಿಮ್ಮೇಳದವರ ಕೈಲಿ ಒಂದು ಚೀಟಿ ಕೊಡಿ, ಇಲ್ಲಾ ಅಮ್ಮನನ್ನೇ ಕರಕೊಂಡು ಬಂದು ಬಾಯಲ್ಲೇ ಹೇಳಿಸಿ. ವಯಸ್ಸಾದ ತಾಯಿ ಬಂದು ಕೇಳಿದ್ರೆ ಇಲ್ಲ ಅನ್ನೋ ಹಾಡುಗಾರನನ್ನ ನಾನಂತೂ ನೋಡಿಲ್ಲ.

ಚಿಂತಾಮಣಿ ಕಡೆಯವ:

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಐದು ವರ್ಷದ ಮಗು ಮತ್ತು ಮಂಡಿ ನೋವಿನ ಅಮ್ಮ ಅಂದಮೇಲೆ ನನಗೆ ರಾತ್ರಿ ಬೆಟ್ಟಕ್ಕಿಂತ ನಮ್ಮ ಚಿಂತಾಮಣಿ ತಾಲ್ಲೂಕಿನ ಕೈವಾರ ವಾಸಿ ಅನ್ನಿಸುತ್ತೆ. ಆಷಾಢದ ಗುರುಪೂರ್ಣಿಮೆಗೆ ಅಲ್ಲಿ ಮೂರು ದಿನ, 72 ಗಂಟೆ ಬಿಡುವಿಲ್ಲದೆ ಹಾಡು ನಡೆಯುತ್ತೆ. ಒಂದು ತಂಡ ಏಳುವಷ್ಟರಲ್ಲಿ ಇನ್ನೊಂದು ತಂಡ ಕೂರುತ್ತೆ. ಕಛೇರಿ ಮಾಡುವ ದೊಡ್ಡ ದೊಡ್ಡ ವಿದ್ವಾಂಸರೂ ಬರ್ತಾರೆ, ಹಳ್ಳಿಯಿಂದ ತಾಳ, ಏಕತಾರಿ ಹಿಡಿದು ಭಜನೆ ತಂಡಗಳೂ ಬರ್ತವೆ. ಬೆಳಗ್ಗೆ ಹೋದ್ರೂ ಹಾಡು, ರಾತ್ರಿ ಎರಡಕ್ಕೆ ಹೋದ್ರೂ ಹಾಡು. ಮಗು ನಿದ್ದೆ ಹೋದ್ರೆ ಎತ್ತಿಕೊಂಡು ಹೊರಟುಬಿಡಬಹುದು, ಏನೋ ತಪ್ಪಿಹೋಯ್ತು ಅನ್ನೋ ಸಂಕಟ ಇಲ್ಲ.

ನಮ್ಮ ಅಜ್ಜಿ ಅಲ್ಲಿನ ಸಂತ ಕೈವಾರ ತಾತಯ್ಯನವರ ಪದ ಹಾಡ್ತಾ ಹಾಡ್ತಾನೇ ಹೊಲ ಕಳೆ ಕೀಳ್ತಿದ್ರು. ತೆಲುಗು ಪದ, ಕನ್ನಡ ಪದ ಎರಡೂ ಒಂದೇ ಉಸಿರಲ್ಲಿ. ನಮ್ಮ ಗಡಿ ಕಡೆಯವರಿಗೆ ಅದು ಬೇರೆ ಬೇರೆ ಅನ್ನಿಸೋದೇ ಇಲ್ಲ ಅಲ್ವಾ. ನಿಮ್ಮ ಅಮ್ಮನೂ ಸೊಲ್ಲು ಹಿಡಿಯೋರು ಅಂದ್ರಲ್ಲ, ಅಲ್ಲಿ ಕೂರಿಸಿ ನೋಡಿ, ಪಕ್ಕದಲ್ಲಿ ಕೂತ ಗುರುತಿಲ್ಲದ ಹೆಂಗಸರ ಜೊತೆ ಸೇರಿಕೊಂಡು ಹಾಡೋಕೆ ಶುರು ಮಾಡ್ತಾರೆ. ಮಗನಿಗೆ ಭೀಮ ಬಕಾಸುರನನ್ನ ಕೊಂದ ಊರು ಇದೇ ಅಂತ ಬೆಟ್ಟ ತೋರಿಸಿ ಕಥೆ ಹೇಳಿ, ದಾರಿಯುದ್ದಕ್ಕೂ ಅದನ್ನೇ ಕೇಳ್ತಾ ಬರ್ತಾನೆ.

ಕೋಲಾರಮ್ಮನ ಊರವಳು:

ಕೈವಾರ ಚೆನ್ನಾಗಿದೆ, ನಾನು ಇಲ್ಲ ಅನ್ನಲ್ಲ. ಆದರೆ ಅಣ್ಣ ಕೇಳಿದ್ದು ಪಿಚ್ಚಳ್ಳಿ ಅವರ ಹಾಡನ್ನ. ತತ್ವಪದ ಒಂದು ಥರ, ಇವರ ಹಾಡು ಇನ್ನೊಂದು ಥರ. ತತ್ವಪದ ಕೂತು ಒಳಗೆ ನೋಡಿಕೋ ಅನ್ನುತ್ತೆ. ಹೋರಾಟದ ಹಾಡು, ಹೊಲದ ಹಾಡು ಎದ್ದು ನಿಲ್ಲು ಅನ್ನುತ್ತೆ. ಮಗಳಿಗೆ ಎರಡೂ ಗೊತ್ತಾಗಲಿ, ಆದರೆ ಮೊದಲು ಅವಳ ಅಪ್ಪನಿಗೆ ಪ್ರಾಣವಾದದ್ದು ಯಾವುದೋ ಅದನ್ನ ಎದುರಿಗೆ ಕೂತು ಕೇಳಲಿ. ಮಗು ನಿದ್ದೆ ಮಾಡಿದ್ರೆ ಅತ್ತಿಗೆ ತೊಡೆ ಮೇಲೆ ಮಲಗುತ್ತೆ, ಅದೇನು ದೊಡ್ಡ ವಿಷಯ? ನಾವೆಲ್ಲ ಬಯಲಾಟ ನೋಡ್ತಾ ಚಾಪೆ ಮೇಲೆ ನಿದ್ದೆ ಹೋದ ಮಕ್ಕಳೇ.

ಗೂಡು ಬಿಡಿಸುವವನು (ಶಿಡ್ಲಘಟ್ಟ):

ಹುಳುವಿನ ಲೆಕ್ಕ ಯಾರೂ ಹೇಳಲಿಲ್ಲ, ನಾನು ಹೇಳ್ತೀನಿ. ಎರಡನೇ ಜ್ವರ ಎದ್ದ ಚಾಕಿ ಹುಳು (ಕೇಂದ್ರದಲ್ಲಿ ಸಾಕಿದ ಮರಿ ಹುಳು) ತಂದರೆ ಹಣ್ಣಾಗೋಕೆ 16–17 ದಿನ ಹಿಡಿಯುತ್ತೆ, ಚಳಿ ಇದ್ರೆ ಇನ್ನೊಂದೆರಡು ದಿನ ಎಳೆಯುತ್ತೆ. ಗೂಡು ಕಟ್ಟಿಸುವ ಚಂದ್ರಿಕೆಗೆ ಬಿಟ್ಟ ಮೇಲೆ ಐದಾರು ದಿನಕ್ಕೆ ಗೂಡು ಬಿಡಿಸ್ತೀವಿ. ಅಂದ್ರೆ ಆ ಹುಣ್ಣಿಮೆಗೆ ಹಿಂದಿನ ಅಮಾವಾಸ್ಯೆಗೆ ಏಳೆಂಟು ದಿನ ಮುಂಚೆ, ಚಳಿ ಇದ್ರೆ ಇನ್ನೊಂದೆರಡು ದಿನ ಮೊದಲೇ ಚಾಕಿ ತಂದುಬಿಡಿ. ಹುಣ್ಣಿಮೆ ಬರುವಷ್ಟರಲ್ಲಿ ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕಿ ಕೈಗೆ ದುಡ್ಡೂ ಬಂದಿರುತ್ತೆ. ಹುಳುಮನೆ ತೊಳೆದು ಸೋಂಕು ಔಷಧಿ ಹೊಡೆದು ಹೇಗೂ ಕೆಲವು ದಿನ ಖಾಲಿ ಬಿಡಲೇಬೇಕು, ಆ ಬಿಡುವಲ್ಲಿ ಹೊರಟುಬಿಡಿ. ಚಾಕಿ ಕೇಂದ್ರದವರಿಗೆ ಈಗಲೇ ತಾರೀಕು ಹೇಳಿಡಿ, ಕೊನೇ ಗಳಿಗೆಯಲ್ಲಿ ಕೇಳಿದ್ರೆ ಅವರು ಕೊಟ್ಟ ದಿನಕ್ಕೆ ನೀವು ಕುಣೀಬೇಕಾಗುತ್ತೆ.

ಪಕ್ಕದ ಮನೆಯವರಿಗೆ ಬಿಟ್ಟು ಹೋಗ್ತೀನಿ ಅಂತ ಮಾತ್ರ ಯೋಚನೆ ಮಾಡಬೇಡಿ. ಹಣ್ಣು ಹುಳು ಒಂದು ರಾತ್ರಿ ಕಾಯಲ್ಲ, ತಟ್ಟೆಯಲ್ಲೇ ಗೂಡು ಕಟ್ಟೋಕೆ ಶುರು ಮಾಡಿಬಿಡುತ್ತೆ.

ಹುಳುಮನೆಯವನು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಎಲ್ಲವನ್ನೂ ಓದಿ ಹೇಳಿದೆ. ತಮಟೆ ಅಣ್ಣ ಬರೆದದ್ದನ್ನ ಇನ್ನೊಂದು ಸಲ ಓದು ಅಂದರು, ಹಿಮ್ಮೇಳದವರಿಗೆ ಅಂತ ಹುರಿಗಡಲೆ ಉಂಡೆ ಮಾಡಿಕೊಂಡು ಬರ್ತಾರಂತೆ. ಅತ್ತಿಗೆ ಕೈವಾರ ಆದ್ರೆ ಖಂಡಿತ ಬರ್ತೀನಿ ಅಂದಿದ್ದಾರೆ, ಹಾಗಾಗಿ ಎರಡೂ ಮಾಡೋಣ ಅಂತ ತೀರ್ಮಾನ ಆಗಿದೆ. ಪಿಚ್ಚಳ್ಳಿ ಅವರು ಯಾವ ಹುಣ್ಣಿಮೆಗೆ ಹಾಡ್ತಾರೆ ಅಂತ ವಿಚಾರಿಸಿ, ಅದಕ್ಕೆ ಹಿಂದಿನ ಅಮಾವಾಸ್ಯೆ ಲೆಕ್ಕ ಹಿಡಿದು ಚಾಕಿ ಹೇಳ್ತೀನಿ. ಶಿಡ್ಲಘಟ್ಟದ ಅಣ್ಣ, ಈ ಲೆಕ್ಕ ಕ್ಯಾಲೆಂಡರ್ ಮೇಲೆ ಬರೆದು ಇಟ್ಟಿದ್ದೀನಿ.

ಮಗಳು ಒಂದು ಕೇಳ್ತಿದ್ದಾಳೆ. ಅವಳಿಗೆ ಅವರ ಮುಂದೆ ಒಂದು ಪದ ಹಾಡಬೇಕಂತೆ. ಮಕ್ಕಳಿಗೆ ಅಲ್ಲಿ ಅವಕಾಶ ಸಿಗುತ್ತಾ?

ತಮಟೆ ಕಾಯಿಸುವವನು:

ವೇದಿಕೆ ಮೇಲೆ ಅಂತ ಮಾತು ಕೊಡೋಕಾಗಲ್ಲ, ಅದು ನಡೆಸುವವರ ಕೈಲಿದೆ. ಆದರೆ ಬೆಂಕಿ ಹತ್ತಿರ ಹಾಡೋಕೆ ಯಾರ ಅಪ್ಪಣೆಯೂ ಬೇಡ. ನಾವು ತಮಟೆ ಕಾಯಿಸ್ತಾ ಇರ್ತೀವಲ್ಲ, ಅಲ್ಲೇ ಶುರು ಮಾಡಲಿ, ನಾವು ಸೊಲ್ಲು ಹಿಡೀತೀವಿ. ಯಾವ ಪದ ಅಂತ ಮುಂಚೆ ತಿಳಿಸಿ, ಅದರ ನಡೆ ನೋಡಿಕೊಂಡು ಇಟ್ಟಿರ್ತೀನಿ.

ಕೋಲಾರಮ್ಮನ ಊರವಳು:

ತಾರೀಕು ಗಟ್ಟಿಯಾದ ಮೇಲೆ ಇಲ್ಲೇ ಹಾಕಿ ಅಣ್ಣಾ. ನೀವು ದೊಡ್ಡ ಗಾಡಿ ಮಾಡಿಕೊಂಡು ಬರೋದಾದ್ರೆ, ಜಾಗ ಇದ್ರೆ ನಾನೂ ನಮ್ಮಮ್ಮನೂ ಕೋಲಾರ ಬಸ್ ಸ್ಟ್ಯಾಂಡ್ ಹತ್ತಿರ ಹತ್ತಿಕೊಳ್ತೀವಿ, ಬಾಡಿಗೆಯಲ್ಲಿ ನಮ್ಮ ಪಾಲು ಕೊಡ್ತೀವಿ. ಬುತ್ತಿ ನಮ್ಮ ಮನೆಯದು, ಎಲ್ಲರಿಗೂ ಆಗುವಷ್ಟು ಚಿತ್ರಾನ್ನ, ಮೊಸರನ್ನ ತರ್ತೀನಿ.