ಸ್ಕೇಲಿಂಗ್ ಆದ ಮೇಲೆ ಒಸಡು ರೋಗಿಗಳು ಮರಳಿ ಬರುವುದೇ ಇಲ್ಲ, ಏನು ಮಾಡುವುದು?

ಪ್ರಶ್ನೆ: ಚಿಕ್ಕ ಕ್ಲಿನಿಕ್ಕಿನ ದಂತವೈದ್ಯೆ

ನಮ್ಮಲ್ಲಿ ಇಬ್ಬರು ವೈದ್ಯರಿದ್ದೇವೆ. ಹಳೆಯ ಒಸಡು ರೋಗದವರಿಗೆ ಸ್ಕೇಲಿಂಗ್ ಮಾಡಿ, ಅಂದರೆ ಹಲ್ಲಿನ ಗಟ್ಟಿ ಪಾಚಿ ಕೆರೆದು, ಬೇರಿಗಂಟಿದ್ದನ್ನೂ ತೆಗೆದು, ಮೌತ್‌ವಾಶ್ ಬರೆದುಕೊಟ್ಟು ಕಳುಹಿಸುತ್ತೇವೆ. ನೋವಿಲ್ಲದ ರೋಗವಾದ್ದರಿಂದ ರಕ್ತ ನಿಂತರೆ ಅವರ ಪಾಲಿಗೆ ವಾಸಿಯಾದಂತೆ. ಮತ್ತೆ ಮುಖ ತೋರಿಸುವುದು ಹಲ್ಲು ಅಲುಗಾಡತೊಡಗಿದಾಗಲೇ. ಬಂದವರು, ‘ನೀವು ಕ್ಲೀನ್ ಮಾಡಿದ್ದರಿಂದಲೇ ಸಂದು ಬಿಟ್ಟಿತು’ ಎಂದು ದೂರುವುದೂ ಉಂಟು. ಲೇಸರ್ ಯಂತ್ರ ಕೊಳ್ಳೋಣವೇ ಎಂದು ಸಹೋದ್ಯೋಗಿ ಕೇಳುತ್ತಿದ್ದಾರೆ.

ಉತ್ತರ: ಒಸಡು ತಜ್ಞ

ಮೇಡಂ, ಲೇಸರ್ ಬೇಡ. 2020ರ ಯುರೋಪಿನ ಮಾರ್ಗಸೂಚಿಯೇ ಬೇರು ಶುಚಿಯ ಜೊತೆಗೆ ಅದನ್ನು ಬಳಸದಿರಲು ಸೂಚಿಸಿದೆ. ನುಂಗುವ ಆ್ಯಂಟಿಬಯಾಟಿಕ್ಕನ್ನೂ ಎಲ್ಲರಿಗೂ ಕೊಡಬಾರದು ಎನ್ನುತ್ತದೆ.

ನಿಮ್ಮ ಬರಹದಲ್ಲಿ ಒಂದೇ ಒಂದು ಅಳತೆಯಿಲ್ಲ, ನನ್ನನ್ನು ಕಾಡಿದ್ದು ಅದು. ಪ್ರತಿ ಹಲ್ಲಿನ ಸುತ್ತ 6 ಕಡೆ ಪ್ರೋಬ್ (ಮಿ.ಮೀ. ಗುರುತಿರುವ ತೆಳು ಕಡ್ಡಿ) ಇಳಿಸಿ ಪಾಕೆಟ್ಟಿನ, ಅಂದರೆ ಹಲ್ಲಿಗೂ ಒಸಡಿಗೂ ನಡುವಿನ ಟೊಳ್ಳಿನ ಆಳ ನೋಡಿ. ಸಹಾಯಕಿ ಬರೆದುಕೊಳ್ಳಲಿ, ನೀವು ರೋಗಿಗೆ ಕೇಳಿಸುವಂತೆ ಹೇಳಿ. ‘ಮೂರು, ಮೂರು, ಏಳು’ ಎಂದಾಗ ‘ಏಳು ಎಂದರೇನು ಡಾಕ್ಟರೇ?’ ಎಂದು ಅವರೇ ಕೇಳುತ್ತಾರೆ. ನನ್ನ ಕುರ್ಚಿಯಲ್ಲಿ ಕುಳಿತವರಲ್ಲಿ ಕೇಳದವರು ಅಪರೂಪ. ಹಾಗೆ ಕೇಳಿದವರಿಗೆ ಮರುಭೇಟಿಯ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡು ಮೂರು ತಿಂಗಳಲ್ಲಿ ಮತ್ತೆ ಅಳೆಯಿರಿ. ಆ ದಿನವನ್ನು ಮೊದಲ ಭೇಟಿಯಲ್ಲೇ ಗೊತ್ತುಮಾಡಿ, ಶುಲ್ಕವನ್ನೂ ಒಟ್ಟು ಮೊತ್ತದಲ್ಲಿ ಸೇರಿಸಿಬಿಡಿ. 4–5 ಮಿ.ಮೀ. ಆಳವಿದ್ದು ರಕ್ತ ಬರುತ್ತಿದ್ದರೆ ಅಲ್ಲಿ ಮತ್ತೆ ಶುಚಿ ಮಾಡಬೇಕು. 6 ಅಥವಾ ಹೆಚ್ಚು ಉಳಿದಿದ್ದರೆ ಶಸ್ತ್ರಚಿಕಿತ್ಸೆಯ ಯೋಚನೆ. ಎಲ್ಲವೂ ಸರಿಯಿದ್ದರೂ ಬಿಡುಗಡೆಯಿಲ್ಲ: ಅಪಾಯ ಹೆಚ್ಚಿರುವವರನ್ನು 3 ತಿಂಗಳಿಗೊಮ್ಮೆ ಕರೆಸಿ.

ಸಂದಿನ ದೂರಿಗೆ ಬಂದರೆ, ಊತ ಇಳಿದಾಗ ಒಸಡು ಕುಗ್ಗುತ್ತದೆ, ಬೇರು ಕಾಣುತ್ತದೆ, ತಣ್ಣನೆಯದಕ್ಕೆ ಜುಮ್ಮೆನ್ನುತ್ತದೆ. ಇದನ್ನು ಚಿಕಿತ್ಸೆಗೆ ಮುಂಚೆ ಹೇಳಿದರೆ ವಿವರಣೆ, ಆಮೇಲೆ ಹೇಳಿದರೆ ನೆಪ.

ಉತ್ತರ: ಡೆಂಟಲ್ ಹೈಜಿನಿಸ್ಟ್

ಡಾಕ್ಟರ್ ಹೇಳಿದ್ದಕ್ಕೆ ಒಂದು ಸೇರ್ಪಡೆ. ಮೌತ್‌ವಾಶ್ ಆಳದ ಪಾಕೆಟ್ಟಿನೊಳಗೆ ಇಳಿಯುವುದಿಲ್ಲ. ಹಲ್ಲುಸಂದಿನ ಚಿಕ್ಕ ಬ್ರಷ್ ಕೊಡಿ, ಆದರೆ ಚೀಟಿಯಲ್ಲಿ ಬರೆದು ಕೈತೊಳೆದುಕೊಳ್ಳಬೇಡಿ. ಒಂದೇ ಬಾಯಲ್ಲಿ ಎರಡು ಮೂರು ಗಾತ್ರ ಬೇಕಾಗುತ್ತದೆ. ಕನ್ನಡಿ ಹಿಡಿಸಿ, ಅವರ ಕೈಯಿಂದಲೇ ಮಾಡಿಸಿ ನೋಡಿ.

ಪ್ರಶ್ನೆ ಕೇಳಿದವರು

ಧನ್ಯವಾದ. ಇಂದೇ ಒಬ್ಬರನ್ನು ಅಳೆದೆ: ಸಿಗರೇಟು ಸೇದುವವರು, ಹಲವೆಡೆ 6 ಮಿ.ಮೀ., ಆದರೆ ರಕ್ತ ಅಷ್ಟಾಗಿ ಬರಲಿಲ್ಲ. ರೋಗ ಶಾಂತವಾಗಿದೆ ಎಂದುಕೊಳ್ಳಬಹುದೇ?

ಒಸಡು ತಜ್ಞ

ಖಂಡಿತ ಬೇಡ. ತಂಬಾಕು ರಕ್ತಸ್ರಾವವನ್ನು ಮರೆಮಾಡುತ್ತದೆ, ಚಿಕಿತ್ಸೆಯ ಫಲವನ್ನೂ ತಗ್ಗಿಸುತ್ತದೆ. ಎಕ್ಸ್‌ರೇಯಲ್ಲಿ ಮೂಳೆ ಎಷ್ಟು ಸವೆದಿದೆ ನೋಡಿ. ಸಿಗರೇಟು ಬಿಡಿಸುವುದನ್ನು ಚಿಕಿತ್ಸೆಯ ಮೊದಲ ಹಂತವೆಂದೇ ಕಡತದಲ್ಲಿ ಬರೆಯಿರಿ. ಸಕ್ಕರೆ ಕಾಯಿಲೆ ಇದೆಯೇ ಎಂದೂ ಪರೀಕ್ಷೆ ಮಾಡಿಸಿ, ಎಷ್ಟೋ ಜನರಿಗೆ ತಮಗಿರುವುದೇ ಗೊತ್ತಿರುವುದಿಲ್ಲ.