ನಾನೇ ತೆಗೆದ ಫೋಟೋ ಚೆನ್ನಾಗಿದೆಯಾ ಇಲ್ವಾ, ನನಗೆ ಗೊತ್ತಾಗುವುದು ಹೇಗೆ?

ದೋಣಿಯಂಚು:
ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಹಕ್ಕಿ ಫೋಟೋ ತೆಗೆಯುತ್ತಿದ್ದೇನೆ. ಫೆಬ್ರವರಿಯಲ್ಲಿ ರಂಗನತಿಟ್ಟಿಗೆ ಎರಡು ಸಲ ಹೋಗಿ ದೋಣಿಯಿಂದ ಸುಮಾರು 1,400 ಫೋಟೋ ತೆಗೆದೆ. ಅದರಲ್ಲೊಂದು, ಬಣ್ಣದ ಕೊಕ್ಕರೆ ಕೊಕ್ಕಿನಲ್ಲಿ ಕಡ್ಡಿ ಕಚ್ಚಿಕೊಂಡು ಗೂಡಿಗೆ ಇಳಿಯುತ್ತಿರುವುದು, ನನಗೆ ತುಂಬಾ ಇಷ್ಟ. ಮನೆಯವರು, ವಾಟ್ಸಾಪ್ ಗುಂಪಿನವರು ಎಲ್ಲರೂ ಸೂಪರ್ ಅಂದರು, ಆದರೆ ನಾನು ಏನು ಹಾಕಿದರೂ ಅವರು ಸೂಪರ್ ಅಂತಲೇ ಅನ್ನುವುದು. ಒಂದು ದಿನ ಇದೇ ನನ್ನ ಒಳ್ಳೆಯ ಫೋಟೋ ಅನ್ನಿಸುತ್ತೆ, ಮರುದಿನ ಇದರಲ್ಲಿ ಏನೂ ಇಲ್ಲ ಅನ್ನಿಸುತ್ತೆ. ನೀವೆಲ್ಲ ಹೇಗೆ ತೀರ್ಮಾನ ಮಾಡುತ್ತೀರಿ?

ಹಳೇ ರೀಲು:
ಮೊದಲು ಅದನ್ನು ಮುಚ್ಚಿಡಿ. ನೀವು ನೋಡುವಾಗ ಬೆಳಗಿನ ಚಳಿ, ದೋಣಿಯ ಹುಟ್ಟಿನ ಸದ್ದು, ತಲೆ ಮೇಲೆ ಹಾದುಹೋದ ರೆಕ್ಕೆ ಎಲ್ಲ ನೆನಪಾಗುತ್ತೆ ಅಲ್ವಾ? ಬೇರೆಯವರಿಗೆ ಅದ್ಯಾವುದೂ ಇಲ್ಲ, ಚೌಕಟ್ಟಿನೊಳಗೆ ಏನಿದೆಯೋ ಅಷ್ಟೇ. ನ್ಯೂಯಾರ್ಕಿನ ಬೀದಿಗಳಲ್ಲಿ ಫೋಟೋ ತೆಗೆಯುತ್ತಿದ್ದ ಗ್ಯಾರಿ ವಿನೊಗ್ರಾಂಡ್ ಇದಕ್ಕೇ ರೀಲುಗಳನ್ನು ಬೇಕಂತಲೇ ತಡ ಮಾಡಿ, ಒಂದೆರಡು ವರ್ಷ ಬಿಟ್ಟು ತೊಳೆಯುತ್ತಿದ್ದರು. ನಿಮಗೆ ಅಷ್ಟು ಬೇಡ, ಮೂರು ತಿಂಗಳು ಸಾಕು.

ಮಿಂಚುಳ್ಳಿ:
ಕಾಯುವುದು ಸರಿ, ಆದರೆ ಕೆಲವನ್ನು ಇವತ್ತೇ ನೋಡಬಹುದು. ಕಂಪ್ಯೂಟರಿನಲ್ಲಿ 100% ಝೂಮ್ ಮಾಡಿ ಹಕ್ಕಿಯ ಕಣ್ಣು ನೋಡಿ. ದೋಣಿ ಅಲುಗುತ್ತಿರುತ್ತೆ, ಹಕ್ಕಿ ಹಾರುತ್ತಿರುತ್ತೆ, ಕ್ಯಾಮೆರಾದ ಶಟರ್ 1/500 ಸೆಕೆಂಡಿನಷ್ಟು ಹೊತ್ತು ತೆರೆದಿದ್ದರೂ ಕಣ್ಣು ಮಸುಕಾಗಿರುವ ಸಾಧ್ಯತೆ ಜಾಸ್ತಿ. ಮೊಬೈಲಿನಲ್ಲಿ ಎಲ್ಲವೂ ಶಾರ್ಪ್ ಆಗೇ ಕಾಣುತ್ತೆ, ನಂಬಬೇಡಿ. ಆಮೇಲೆ 12x18 ಇಂಚಿನ ಪ್ರಿಂಟ್ ಹಾಕಿಸಿ, ದಿನಾ ಓಡಾಡುವ ಕಡೆ ಗೋಡೆಗೆ ಅಂಟಿಸಿ. ನಾನು ಹಾಗೆ ಅಂಟಿಸಿದ್ದ ಒಂದು ಫೋಟೋದಲ್ಲಿ ನಾಲ್ಕನೇ ದಿನ ಹಿಂದಿನ ಬಿಳಿ ಬಂಡೆ ಕಣ್ಣಿಗೆ ಬಿತ್ತು. ಅಲ್ಲಿಂದ ಮುಂದೆ ಬಂಡೆಯೇ ಕಾಣುತ್ತಿತ್ತು, ಹಕ್ಕಿ ಅಲ್ಲ. ತುಂಬಾ ಬೇಜಾರಾಯಿತು, ತೆಗೆದುಬಿಟ್ಟೆ.
ಇನ್ನೊಂದು, ಯಾರಿಗೇ ತೋರಿಸಿದರೂ ಚೆನ್ನಾಗಿದೆಯಾ ಅಂತ ಕೇಳಬೇಡಿ. ಮೊದಲು ಏನು ಕಾಣಿಸಿತು ಅಂತ ಕೇಳಿ. ಅದಕ್ಕೆ ಸುಮ್ನೆ ಸೂಪರ್ ಅನ್ನುವುದಕ್ಕೆ ಆಗಲ್ಲ.

ದೋಣಿಯಂಚು:
ಇಬ್ಬರಿಗೂ ಥ್ಯಾಂಕ್ಸ್. ಝೂಮ್ ಮಾಡಿದೆ, ಕಣ್ಣು ಚೆನ್ನಾಗಿ ಬಂದಿದೆ, 1/2500 ಸೆಕೆಂಡಿನಲ್ಲಿ ತೆಗೆದಿದ್ದು. ಆದರೆ ಕಡ್ಡಿಯ ತುದಿ ಚೌಕಟ್ಟಿನ ಅಂಚಿನಲ್ಲಿ ಕತ್ತರಿಸಿಹೋಗಿದೆ, ಇಷ್ಟು ದಿನ ನನ್ನ ಗಮನಕ್ಕೇ ಬಂದಿರಲಿಲ್ಲ. ತಂಗಿಗೆ ತೋರಿಸಿ ಮೊದಲು ಏನು ಕಾಣಿಸಿತು ಅಂತ ಕೇಳಿದರೆ, "ಪಕ್ಕದ ಗೂಡಿನಲ್ಲಿ ಬಾಯಿ ತೆರೆದಿರೋ ಮರಿ" ಅಂದಳು. ಅಲ್ಲೊಂದು ಮರಿ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ! ಆ ಹೊತ್ತಿನಲ್ಲಿ ತೆಗೆದ ಉಳಿದ 17 ಫೋಟೋಗಳನ್ನು ಈಗ ಮತ್ತೆ ತೆರೆದುಕೊಂಡು ಕೂತಿದ್ದೇನೆ.